ಗೋದಾವರಿ ತೀರದ ಲೆಕ್ಕಾಚಾರ: ಈರುಳ್ಳಿ, ದ್ರಾಕ್ಷಿ ಮತ್ತು ದುಡಿಯುವ ಬಂಡವಾಳ

ಮಾರುಕಟ್ಟೆ, ಬ್ರಾಂಡ್, ದುಡಿಯುವ ಬಂಡವಾಳ ಮೊದಲಾದ ಶಬ್ದಗಳ ವ್ಯಾಖ್ಯೆಯನ್ನು ವಾಣಿಜ್ಯ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆ ಶಬ್ದಗಳನ್ನು ಜೀವಂತವಾಗಿ ಕಾಣಬೇಕಾದರೆ ನಾಶಿಕದಿಂದ ಛತ್ರಪತಿ ಸಂಭಾಜಿನಗರದವರೆಗೆ, ಅಂದರೆ ಹಿಂದಿನ ಔರಂಗಾಬಾದಿನವರೆಗೆ, ಒಮ್ಮೆ ಪ್ರಯಾಣ ಮಾಡಬೇಕು. ರಾಷ್ಟ್ರಕೂಟರ ಕೈಲಾಸ ದೇವಾಲಯವನ್ನು ನೋಡಲು ಎಲ್ಲೋರಕ್ಕೆ ಹೋಗುವ ಕನ್ನಡಿಗರಿಗೆ ಆ ದಾರಿ ಅಪರಿಚಿತವೇನೂ ಅಲ್ಲ.

ನಾಶಿಕ ಜಿಲ್ಲೆಯ ಲಾಸಲಗಾಂವ್ ಈರುಳ್ಳಿಯ ದೊಡ್ಡ ಪೇಟೆ. ಅಲ್ಲಿ ಒಬ್ಬ ರೈತನ ಈರುಳ್ಳಿಗೂ ಮತ್ತೊಬ್ಬನದಕ್ಕೂ ಹೆಸರಿನ ಭೇದವಿಲ್ಲ. ಆದುದರಿಂದ ಬೆಲೆ ಕಟ್ಟುವವನು ರೈತನಲ್ಲ, ಹರಾಜು. ಬೇಸಿಗೆಯ ಬೆಳೆಯನ್ನು ಚಾಳಿನಲ್ಲಿ ಕೂಡಿಟ್ಟು ಮಳೆಗಾಲದ ಏರುಬೆಲೆಗಾಗಿ ಕಾಯಬಹುದು. ಆದರೆ ಕಾಯುವಿಕೆಗೂ ಖರ್ಚುಂಟು: ತೂಕ ಇಳಿಯುತ್ತದೆ, ಕೊಳೆಯುತ್ತದೆ, ಮೊಳಕೆಯೊಡೆಯುತ್ತದೆ, ಸಾಲದ ಬಡ್ಡಿ ಮಾತ್ರ ಬೆಳೆಯುತ್ತದೆ. ಇದರ ಮೇಲೆ ಸರಕಾರದ ಆಜ್ಞೆಯ ಭಯ. 2023ರ ಡಿಸೆಂಬರಿನಲ್ಲಿ ರಫ್ತು ನಿಷೇಧವಾಯಿತು. 2024ರ ಮೇ ತಿಂಗಳಿನಲ್ಲಿ ನಿಷೇಧ ಹೋಗಿ, ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆಯೂ ಶೇಕಡಾ 40ರ ಸುಂಕವೂ ಬಂದವು. 2025ರ ಏಪ್ರಿಲಿನಲ್ಲಿ ಸುಂಕ ಪೂರ್ತಿ ತೊಲಗಿತು. ಪಟ್ಟಣದ ಗೃಹಿಣಿಗೆ ಅಗ್ಗವಾಗಲೆಂದು ತೆಗೆದುಕೊಂಡ ನಿರ್ಧಾರದ ಬೆಲೆಯನ್ನು ತೆತ್ತವನು ಚಾಳಿನಲ್ಲಿ ದಾಸ್ತಾನಿಟ್ಟಿದ್ದ ರೈತ.

ಅದೇ ಜಿಲ್ಲೆಯ ದ್ರಾಕ್ಷಿಯ ಕಥೆಯೇ ಬೇರೆ. ಐರೋಪ್ಯ ಗ್ರಾಹಕನಿಗೆ ಒಂದೇ ಗಾತ್ರದ, ಔಷಧಾಂಶದ ಪರೀಕ್ಷೆಯಲ್ಲಿ ಗೆದ್ದ, ತಂಪಾಗಿ ತಲುಪುವ ಹಣ್ಣು ಬೇಕು. ಎರಡೆಕರೆಯ ರೈತನೊಬ್ಬನಿಂದ ಇದು ಆಗದ ಮಾತು. ದಿಂಡೋರಿ ತಾಲ್ಲೂಕಿನ ಮೋಹಾಡಿಯಲ್ಲಿ ವಿಲಾಸ ಶಿಂದೆಯವರ ಮುಂದಾಳುತನದಲ್ಲಿ ರೈತರೇ ಕಟ್ಟಿದ ಸಹ್ಯಾದ್ರಿ ಉತ್ಪಾದಕ ಕಂಪನಿ ಇದಕ್ಕೆ ಉತ್ತರ ಹುಡುಕಿತು. 2022ರಲ್ಲಿ ಅದರ ಸಂಸ್ಥೆಗೆ ವಿದೇಶೀ ಹೂಡಿಕೆದಾರರಿಂದ 310 ಕೋಟಿ ರೂಪಾಯಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾಶಿಕದ ವೈನ್ ತಯಾರಕರಾದ ಸುಲಾ ಕಂಪನಿಯ ಷೇರುಗಳು 357 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಾಟವಾದವು. ಸುಮಾರು 960 ಕೋಟಿಯ ಆ ಹಣ ಕಂಪನಿಗಲ್ಲ, ತಮ್ಮ ಷೇರು ಮಾರಿದ ಹಳೆಯ ಷೇರುದಾರರಿಗೆ ಹೋಯಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಷೇರಿಗೆ ಅರ್ಜಿ ಹಾಕುವವರು ತಮ್ಮ ಹಣ ಯಾರ ಕೈಸೇರುತ್ತದೆ ಎಂಬುದನ್ನು ಪ್ರಾಸ್ಪೆಕ್ಟಸ್ಸಿನಲ್ಲಿ ಓದಿಕೊಳ್ಳಬೇಕು. (ವೈನಿನ ಆರೋಗ್ಯಗುಣವನ್ನು ಈ ಸಂಚಿಕೆಯ ವೈದ್ಯರು ಹೇಳಲಿ.)

ಇನ್ನು ಸಂಭಾಜಿನಗರ. 1985ರಲ್ಲಿ ವಾಳೂಜಿನಲ್ಲಿ ಬಜಾಜ್ ಸ್ಕೂಟರುಗಳ ಕಾರ್ಖಾನೆ ಆರಂಭವಾದಂದಿನಿಂದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳು ಆ ಊರಿನಲ್ಲಿ ಹಬ್ಬಿವೆ. ಅಂಥದೊಂದು ಘಟಕವನ್ನು ಊಹಿಸಿಕೊಳ್ಳೋಣ. ತಿಂಗಳಿಗೆ 10 ಲಕ್ಷದ ಮಾರಾಟ, 9 ಲಕ್ಷದ ಖರ್ಚು, 1 ಲಕ್ಷ ಲಾಭ. ಉಕ್ಕಿಗೂ ಕೂಲಿಗೂ ಕೈಗೆ ಕೈ ಹಣ ಕೊಡಬೇಕು. ತಿಂಗಳ ಕೊನೆಗೆ ಕಳುಹಿಸಿದ ಸರಕಿನ ಹಣವಾದರೋ 90 ದಿನಗಳ ನಂತರ ಬರುವುದು. ಮೊದಲ ಚೆಕ್ಕು ಬರುವ ಹೊತ್ತಿಗೆ ನಾಲ್ಕು ತಿಂಗಳ ಖರ್ಚು, ಎಂದರೆ 36 ಲಕ್ಷ, ಕೈಬಿಟ್ಟಿರುತ್ತದೆ. ಪುಸ್ತಕದಲ್ಲಿ 4 ಲಕ್ಷ ಲಾಭ, ಪೆಟ್ಟಿಗೆಯಲ್ಲಿ ಕಾಸಿಲ್ಲ. ಬೇಡಿಕೆ ಇಮ್ಮಡಿಯಾಯಿತೆಂದು ಮಾಲೀಕ ಪೇಡೆ ಹಂಚಿದರೆ, ಬೇಕಾಗುವ ಹಣ 72 ಲಕ್ಷಕ್ಕೆ ಏರುತ್ತದೆ. ಲಾಭವು ದೇಹದ ತೂಕವಾದರೆ ನಗದು ರಕ್ತಸಂಚಾರ. ತೂಕವುಳ್ಳವನೂ ರಕ್ತ ನಿಂತರೆ ಉಳಿಯಲಾರ.

ಹಣ 45 ದಿನಗಳಲ್ಲಿ ಬಂದರೆ ಅದೇ ಘಟಕಕ್ಕೆ 22.5 ಲಕ್ಷ ಸಾಕು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇದಕ್ಕಿಂತ ತಡಮಾಡಿ ಪಾವತಿ ಮಾಡಕೂಡದೆಂದು 2006ರ ಕಾಯಿದೆ ವಿಧಿಸಿದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಮುಂದಿನ ಆರ್ಡರು ತಪ್ಪೀತೆಂಬ ಅಂಜಿಕೆಯಿಂದ ಸಣ್ಣವರು ಆ ಬಡ್ಡಿಯನ್ನು ಕೇಳುವುದು ಅಪರೂಪ. ಖರೀದಿದಾರನು ಒಪ್ಪಿದ ಬಿಲ್ಲನ್ನು ಟ್ರೆಡ್ಸ್ ಎಂಬ ವಿನಿಮಯ ವ್ಯವಸ್ಥೆಯಲ್ಲಿ ಬ್ಯಾಂಕುಗಳಿಗೆ ವಟಾಯಿಸಿ ಬೇಗನೆ ಹಣ ಪಡೆಯುವ ದಾರಿ ಈಗ ಇದೆ.

ಪೈಠಣ ಮತ್ತು ಯೇವಲೆಯ ಕೈಮಗ್ಗಗಳಲ್ಲಿ ಕಾಯುವಿಕೆ ಇನ್ನೂ ದೀರ್ಘ. ಕುಸುರಿಗೆ ತಕ್ಕಂತೆ ಒಂದು ಪೈಠಣಿ ಸೀರೆ ತಿಂಗಳುಗಟ್ಟಲೆ ಮಗ್ಗದ ಮೇಲಿರುತ್ತದೆ. ರೇಷ್ಮೆ, ಜರಿಗೆ ಹಾಕಿದ ಹಣ ಅಷ್ಟು ಕಾಲವೂ ಅಲ್ಲಿಯೇ ಸಿಲುಕಿರುತ್ತದೆ. 2010ರಲ್ಲಿ ದೊರೆತ ಭೌಗೋಳಿಕ ಸೂಚಕವು ನಕಲಿನಿಂದ ಹೆಸರನ್ನು ಕಾಯುವ ಸಾಧನವೇನೋ ಹೌದು. ಆದರೆ ಮನೆಮಂದಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ, ರೇಷ್ಮೆ ಜರಿಗಳ ಮೇಲೆ ಒಂದಿಷ್ಟು ಸೇರಿಸಿ ಬೆಲೆ ಹೇಳುವ ನೇಕಾರನಿಗೆ, ಸೀರೆ ಮಾರಿದ ದಿನವೂ ನಷ್ಟವೇ ಆಗಿರಬಹುದು.