ಸಮೋಸಾ ಪಟ್ಟಿಯಲ್ಲಿ ದಿಢೀರ್ ಕರ್ಜಿಕಾಯಿ

ಕರ್ಜಿಕಾಯಿ ಅಂದ್ರೆ ಅರ್ಧ ದಿನದ ಕೆಲಸ ಅಂತ ಕೈಬಿಟ್ಟಿದ್ದೀರಾ? ಕಣಕ ಕಲಸಿ, ನೆನೆಸಿ, ಲಟ್ಟಿಸೋ ಬದಲು ಅಂಗಡಿಯಲ್ಲಿ ಸಿಗೋ ಫ್ರೋಜನ್ ಸಮೋಸಾ ಪಟ್ಟಿ ತನ್ನಿ. ಆಕಾರ ತ್ರಿಕೋನ ಆಗುತ್ತೆ. ಮನೆಯ ಹಿರಿಯರು ಇದನ್ನ ಕರ್ಜಿಕಾಯಿ ಅಂತ ಒಪ್ಪದಿದ್ರೆ ವಾದ ಮಾಡ್ಬೇಡಿ, ತಿನ್ನೋಕೆ ಕೊಡಿ.

ಆದ್ರೆ ಹೂರಣದಲ್ಲಿ ಶಾರ್ಟ್‌ಕಟ್ ಬೇಡ. ಹುರಿಗಡಲೆ ಪುಡಿ, ಒಣಕೊಬ್ಬರಿ ತುರಿ, ಸಕ್ಕರೆ ಪುಡಿ, ಏಲಕ್ಕಿ, ಹುರಿದ ಗಸಗಸೆ, ಎಲ್ಲವೂ ಒಣಗಿರ್ಬೇಕು. ಹಸಿ ಕಾಯಿತುರಿ ಹಾಕಿದ್ರೆ ಅದರ ನೀರು ಬಿಸಿ ಎಣ್ಣೆಯಲ್ಲಿ ಆವಿಯಾಗಿ ಪಟ್ಟಿ ಒಡೆಯುತ್ತೆ, ಎಣ್ಣೆ ಮುಖಕ್ಕೇ ಸಿಡಿಯಬಹುದು. ಇದೊಂದು ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ.

ಪಟ್ಟಿಯ ತಣುವು ಬಿಟ್ಟ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ, ಇಲ್ಲಾಂದ್ರೆ ಮಡಚುವಾಗ ಬಿರಿಯುತ್ತೆ. ಒಂದಕ್ಕೆ ಒಂದು ಚಮಚ ಹೂರಣ ಸಾಕು. ಅಂಚಿಗೆ ಮೈದಾ-ನೀರಿನ ಪೇಸ್ಟ್ ಹಚ್ಚಿ, ಮೂಲೆಯ ಸಣ್ಣ ತೂತನ್ನೂ ಮುಚ್ಚಿ. ಸೋರೋದು ಅಲ್ಲೇ.

ಎಣ್ಣೆ ಮಧ್ಯಮ ಉರಿಯಲ್ಲಿ ಕಾಯ್ಲಿ. ಪಟ್ಟಿಯ ಒಂದು ಚೂರು ಹಾಕಿ ನೋಡಿ: ಗುಳ್ಳೆ ಬಿಡ್ತಾ ನಿಧಾನಕ್ಕೆ ಮೇಲೆ ಬಂದ್ರೆ ಸರಿ, ತಕ್ಷಣ ಕೆಂಪಾದ್ರೆ ಉರಿ ಇಳಿಸಿ. ತೆಳು ಪಟ್ಟಿ, ಬೇಗ ಬಣ್ಣ ಬರುತ್ತೆ. ತಿಳಿ ಹೊಂಬಣ್ಣಕ್ಕೇ ತೆಗೀರಿ, ಹೊರಗೆ ಬಂದ ಮೇಲೂ ಸ್ವಲ್ಪ ಗಾಢವಾಗುತ್ತೆ. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ.