ಮುಚ್ಚಬೇಡಿ, ಚೌಕಿಗೆ ಕಳಿಸಿ!

ವಿಂಡೋಸ್ ಗಣಕದಲ್ಲಿ ಯಾವುದೇ ಕಿಟಕಿ ತೆರೆಯಿರಿ. ಬಲ ಮೇಲ್ತುದಿಯಲ್ಲಿ ಮೂರು ಗುಂಡಿಗಳು ಕಾಣುತ್ತವೆ. ಗುಣಾಕಾರದ ಚಿಹ್ನೆ ಒತ್ತಿದರೆ ಕಿಟಕಿ ಮುಚ್ಚುತ್ತದೆ. ಚೌಕ ಒತ್ತಿದರೆ ಪರದೆ ತುಂಬ ಹರಡಿಕೊಳ್ಳುತ್ತದೆ. ಅಡ್ಡಗೆರೆ ಒತ್ತಿದರೆ? ಕಿಟಕಿ ಕಣ್ಮರೆಯಾಗುತ್ತದೆ, ಆದರೆ ಮುಚ್ಚಿಹೋಗುವುದಿಲ್ಲ. ಇದೇ ಮಿನಿಮೈಜ್. ಈ ಪುಟ್ಟ ಗೆರೆ ಇಂದಿನ ಗಣಕಕ್ಕೆ ಬೇಕೇ ಬೇಡವೇ ಎಂದು ತಂತ್ರಜ್ಞರಲ್ಲೇ ಜಗಳವಾಗಿದೆ!

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಇದನ್ನು ವಿವರಿಸಲು ಯಕ್ಷಗಾನವೇ ಸಾಕು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟ ನೋಡಿದವರಿಗೆ ಗೊತ್ತು: ತನ್ನ ಪಾಲಿನ ಸನ್ನಿವೇಶ ಮುಗಿದಾಗ ವೇಷಧಾರಿ ರಂಗ ಬಿಟ್ಟು ಚೌಕಿಗೆ ಹೋಗುತ್ತಾನೆ. ಮತ್ತೆ ಬರಲಿಕ್ಕಿದ್ದರೆ ಬಣ್ಣ ತೆಗೆಯುವುದಿಲ್ಲ, ಗೆಜ್ಜೆ ಬಿಚ್ಚುವುದಿಲ್ಲ. ಭಾಗವತರ ಪದ ಕೇಳಿದೊಡನೆ ರಂಗದಲ್ಲಿ ಹಾಜರು. ಇದು ಮಿನಿಮೈಜ್. ಬಣ್ಣ ತೆಗೆದು ಮನೆಗೆ ಹೊರಟರೆ ಅದು ಕ್ಲೋಸ್.

1985ರ ಮೊದಲ ವಿಂಡೋಸ್‌ನಲ್ಲೇ ಈ ಸೌಲಭ್ಯವಿತ್ತು. ಮರೆಯಾದ ಕಿಟಕಿ ಪರದೆಯ ಕೆಳಗೆ ಚಿಕ್ಕ ಚಿತ್ರವಾಗಿ ಕೂರುತ್ತಿತ್ತು. 1995ರಲ್ಲಿ ವಿಂಡೋಸ್ 95 ಜೊತೆಗೆ ಟಾಸ್ಕ್‌ಬಾರ್ ಬಂತು. ಆ ಪಟ್ಟಿಯೇ ಗಣಕದ ಚೌಕಿ. ಯಾರು ಯಾರು ಒಳಗಿದ್ದಾರೆಂದು ನೋಡಿದೊಡನೆ ತಿಳಿಯುತ್ತದೆ.

2011ರ ಏಪ್ರಿಲ್‌ನಲ್ಲಿ ಲಿನಕ್ಸ್ ಗಣಕಗಳಿಗಾಗಿ ಬಂದ ಗ್ನೋಮ್ 3 ಅಡ್ಡಗೆರೆಯ ಗುಂಡಿಯನ್ನು ತೆಗೆದುಹಾಕಿತು. ಕಾರಣವಿಲ್ಲದೆ ಅಲ್ಲ. ಅದರ ಹೊಸ ವಿನ್ಯಾಸದಲ್ಲಿ ಟಾಸ್ಕ್‌ಬಾರೇ ಇರಲಿಲ್ಲ. ಚೌಕಿಯೇ ಇಲ್ಲದ ಮೇಲೆ ವೇಷಧಾರಿ ಹೋಗುವುದೆಲ್ಲಿಗೆ? ಜೋಡಾಟದ ರಂಗಗಳಂತೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಪರದೆ ಇಟ್ಟುಕೊಳ್ಳಿ ಎಂಬುದು ಅವರ ವಾದ. ಅನೇಕ ಬಳಕೆದಾರರಿಗೆ ಇದು ಹಿಡಿಸಲಿಲ್ಲ. 2017ರಲ್ಲಿ ಗ್ನೋಮ್‌ಗೆ ಮರಳಿದ ಉಬುಂಟು ಅಡ್ಡಗೆರೆಯನ್ನು ಉಳಿಸಿಕೊಂಡೇ ಬಂತು.

ಕನ್ನಡ ಟೈಪಿಂಗ್ ಕಲಿತವರಿಗೆ ಈ ಗೆರೆಯ ಬೆಲೆ ಇನ್ನೂ ಚೆನ್ನಾಗಿ ಗೊತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶದ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಅದರ ಹಳೆಯ ಆವೃತ್ತಿಯಲ್ಲಿ ಮೊದಲು ನುಡಿಯನ್ನು ತೆರೆಯಬೇಕು, ಮಿನಿಮೈಜ್ ಮಾಡಬೇಕು, ಆಮೇಲೆ ವರ್ಡ್‌ನಲ್ಲಿ ಬರೆಯಬೇಕು. ಗಡಿಬಿಡಿಯಲ್ಲಿ ನುಡಿಯನ್ನೇ ಮುಚ್ಚಿದರೆ ಕೀಲಿಮಣೆ ಮತ್ತೆ ಇಂಗ್ಲಿಷ್!

ಹಾಗಾದರೆ ಮಿನಿಮೈಜ್ ಬೇಕೇ? ಬೇಕು, ಆದರೆ ಒಂದು ಷರತ್ತು. ಮರೆಯಾದ ಕಿಟಕಿ ಎಲ್ಲಿದೆ ಎಂಬುದು ಕಣ್ಣಿಗೆ ಕಾಣಬೇಕು. ಅದು ಕಾಣದಿದ್ದರೆ ಗ್ನೋಮ್‌ನವರ ವಾದವೇ ಸರಿ.

ವಿದ್ಯಾರ್ಥಿಗಳು ಎರಡು ಮಾತು ನೆನಪಿಡಬೇಕು. ಮರೆಯಾದ ಕಿಟಕಿಯೂ ಗಣಕದ ಮೆಮೊರಿಯಲ್ಲಿ ಜಾಗ ಹಿಡಿದಿರುತ್ತದೆ. ಹತ್ತಾರು ಕಾರ್ಯಕ್ರಮಗಳನ್ನು ಹಾಗೇ ಬಿಟ್ಟರೆ ಹಳೆಯ ಗಣಕ ತೆವಳತೊಡಗುತ್ತದೆ. ಎರಡನೆಯದು, ಮಿನಿಮೈಜ್ ಎಂದರೆ ಸೇವ್ ಅಲ್ಲ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೆ ಸೇವ್ ಮಾಡದ ಪ್ರಾಜೆಕ್ಟ್ ವರದಿ ನೀರುಪಾಲು. ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ನಂತರ ಅಡ್ಡಗೆರೆಗೆ ಕೈಹಾಕಿ.

ಹೆತ್ತವರಿಗೂ ಒಂದು ಕಿವಿಮಾತು. ನೀವು ಕೋಣೆಗೆ ಕಾಲಿಟ್ಟೊಡನೆ ಪರದೆಯ ಮೇಲೆ ಗಣಿತದ ಪಾಠ ಮಾತ್ರ ಕಂಡರೆ ಸಂತೋಷಪಡಿ. ಜೊತೆಗೆ ಕೆಳಗಿನ ಪಟ್ಟಿಯ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಕ್ರಿಕೆಟ್ ಆಟ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡೇ ಕುಳಿತಿರಬಹುದು!