ಕೊಳವೆಬಾವಿ ‘ಫ್ಲಶಿಂಗ್’: ನೀರು ತರುವ ಉಪಾಯವೋ, ಹಣ ಕಳೆಯುವ ದಾರಿಯೋ?

ತಿಪಟೂರು: ಬೇಸಿಗೆ ಕಾಲಿಡುತ್ತಿದ್ದಂತೆ ಕಲ್ಪತರು ನಾಡಿನ ತೋಟಗಳಲ್ಲಿ ಕಂಪ್ರೆಸರ್ ಹೊತ್ತ ಲಾರಿಗಳ ಓಡಾಟ ಹೆಚ್ಚುತ್ತದೆ. ಹೊಸ ಕೊಳವೆಬಾವಿ ಕೊರೆಯುವುದಕ್ಕಷ್ಟೇ ಅವು ಬರುವುದಿಲ್ಲ. ನೀರು ಕಡಿಮೆಯಾದ ಹಳೆಯ ಬಾವಿಯನ್ನು ಗಾಳಿಯ ಒತ್ತಡದಿಂದ ಶುಚಿಗೊಳಿಸುವ ‘ಫ್ಲಶಿಂಗ್’ ಕೆಲಸಕ್ಕೂ ಬರುತ್ತವೆ. ‘ಬೋರಿನಲ್ಲಿ ಮಣ್ಣು ತುಂಬಿದೆ, ಒಂದು ಸಲ ಫ್ಲಶ್ ಮಾಡಿಸಿದರೆ ಮೊದಲಿನಂತೆ ನೀರು ಬರುತ್ತದೆ’ ಎಂಬುದು ಏಜೆಂಟರ ಸಾಮಾನ್ಯ ಭರವಸೆ.

ಈ ಭರವಸೆ ಎಷ್ಟರಮಟ್ಟಿಗೆ ನಿಜ? ಫ್ಲಶಿಂಗ್ ಮೋಸವೇ, ಪ್ರಯೋಜನಕಾರಿಯೇ? ಎರಡೂ ಹೌದು. ಕೆಲವು ಬಾವಿಗಳಿಗೆ ಅದು ನಿಜವಾದ ಚಿಕಿತ್ಸೆ. ಇನ್ನು ಕೆಲವಕ್ಕೆ ರೋಗವೇ ಬೇರೆ, ಮದ್ದೇ ಬೇರೆ. ನೆಲದೊಳಗಿನ ಬಾವಿಯ ಸ್ಥಿತಿ ಕಣ್ಣಿಗೆ ಕಾಣದ ಕಾರಣ, ಯಾವ ಬಾವಿಗೆ ಯಾವ ರೋಗ ಎಂಬುದನ್ನು ಪರೀಕ್ಷಿಸದೆಯೇ ಹಣ ಸುರಿಯುವುದು ನಡೆದುಬಂದಿದೆ. ಅಟ್ಟದಲ್ಲಿರುವ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಸದ್ದಿನಿಂದಲೇ ಹೇಳಬಲ್ಲ ರೈತ, ಬಾವಿಯ ವಿಷಯದಲ್ಲಿ ಮಾತ್ರ ಲಾರಿಯವರ ಮಾತನ್ನೇ ನಂಬಬೇಕಾಗಿದೆ.

ಆತುರ ಏಕೆ?

ತೆಂಗಿನ ಬೆಳೆಯ ಸ್ವಭಾವವೇ ಈ ಆತುರಕ್ಕೆ ಕಾರಣ. ಹೊಂಬಾಳೆ ಅರಳಿದ ಬಳಿಕ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆ ಹೊಂಬಾಳೆಯ ಮೊಳಕೆಯಾದರೋ ಮರದ ಸುಳಿಯೊಳಗೆ ಅದಕ್ಕೂ ಎರಡು ವರ್ಷಗಳಿಗಿಂತ ಹಿಂದೆಯೇ ಮೂಡಿರುತ್ತದೆ. ಹೀಗಾಗಿ ಒಂದು ಬೇಸಿಗೆಯ ನೀರಿನ ಕೊರತೆ ಮುಂದಿನ ಎರಡು-ಮೂರು ವರ್ಷಗಳ ಇಳುವರಿಯನ್ನು ಕಾಡುತ್ತದೆ. ಕೊಯ್ದ ಕಾಯಿಯೂ ಕೂಡಲೇ ಹಣವಾಗುವುದಿಲ್ಲ. ತಿಪಟೂರು ಭಾಗದ ಉಂಡೆ ಕೊಬ್ಬರಿಗಾಗಿ ಅದು ಹಲವು ತಿಂಗಳು ಅಟ್ಟದಲ್ಲಿ ಒಣಗಬೇಕು. ಗರಿ ಜೋತುಬಿದ್ದ ತೋಟವನ್ನು ಕಂಡು ಕೈಯಲ್ಲಿ ಹಣವಿಲ್ಲದಿದ್ದರೂ ಸಾಲ ಮಾಡಿ ಲಾರಿ ಕರೆಸುವ ಸ್ಥಿತಿ ಉಂಟಾಗುವುದು ಹೀಗೆ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದ 2023ರಂತಹ ವರ್ಷಗಳಲ್ಲಿ ಈ ಒತ್ತಡ ಇನ್ನೂ ಹೆಚ್ಚು.

ಫ್ಲಶಿಂಗ್ ಎಂದರೇನು?

ಈ ಭಾಗದ ನೆಲದಡಿಯಲ್ಲಿರುವುದು ಬಹುಪಾಲು ಗಟ್ಟಿ ಶಿಲೆ. ಕೊಳವೆಬಾವಿಯ ಮೇಲ್ಭಾಗದ ಸಡಿಲ ಮಣ್ಣಿಗೆ ಮಾತ್ರ ಕೇಸಿಂಗ್ ಪೈಪು ಇಳಿಸಲಾಗುತ್ತದೆ. ಅದರ ಕೆಳಗೆ ಬಂಡೆಯಲ್ಲಿ ಕೊರೆದ ಬರಿಯ ರಂಧ್ರ. ಬಂಡೆಯ ಸೀಳುಗಳಿಂದ, ಅಂದರೆ ಬೋರ್ ಲಾರಿಯವರು ‘ಗ್ಯಾಪ್’ ಎಂದು ಕರೆಯುವ ಸಂದುಗಳಿಂದ, ನೀರು ಈ ರಂಧ್ರಕ್ಕೆ ಒಸರುತ್ತದೆ.

ವರ್ಷಗಳು ಕಳೆದಂತೆ ಮಣ್ಣು, ಮರಳು, ಕಲ್ಲಿನ ಚೂರು ತಳದಲ್ಲಿ ಶೇಖರವಾಗಬಹುದು. ಚಿತ್ರದುರ್ಗದ ಪದರಶಿಲೆಯ ಪಟ್ಟಿ ಹಾದುಹೋಗುವ, ಕಬ್ಬಿಣ ಹಾಗೂ ಮ್ಯಾಂಗನೀಸ್ ಅದಿರಿನ ಗಣಿಗಳಿಗೆ ಹೆಸರಾದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಂತಹ ಕಡೆ ಬಂಡೆ ಪುಡಿಯಾಗಿ ಉದುರುವ ಸಾಧ್ಯತೆಯೂ ಉಂಟು. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಕೆಂಪು ಲೋಳೆಯಂತಹ ಪದರ ಬೆಳೆದು ಸೀಳುಗಳ ಬಾಯಿಯನ್ನು ಕಟ್ಟುತ್ತದೆ.

ಫ್ಲಶಿಂಗ್ ಮಾಡುವಾಗ ಮೊದಲು ಪಂಪು, ಮೋಟಾರು ಮತ್ತು ಪೈಪುಗಳನ್ನು ಮೇಲೆತ್ತಲಾಗುತ್ತದೆ. ಬಳಿಕ ಕೊರೆಯುವ ರಾಡುಗಳನ್ನು ತಳದವರೆಗೆ ಇಳಿಸಿ, ಕಂಪ್ರೆಸರ್ ಮೂಲಕ ಗಾಳಿ ನುಗ್ಗಿಸಿ, ರಾಡಿ ಮತ್ತು ನೀರನ್ನು ಹೊರಚಿಮ್ಮಿಸಲಾಗುತ್ತದೆ. ಹೊಸದಾಗಿ ಕೊರೆದ ಬಾವಿಯಲ್ಲಿ ಉಳಿದ ಕಲ್ಲುಪುಡಿಯನ್ನು ತೆಗೆಯಲು ಈ ಕೆಲಸ ಅಗತ್ಯವೇ ಹೌದು. ಪ್ರಶ್ನೆ ಇರುವುದು ಹಳೆಯ ಬಾವಿಗಳ ಬಗ್ಗೆ.

ಚಿಮ್ಮುವ ನೀರಿನ ಲೆಕ್ಕ

ಗಾಳಿ ಬಿಟ್ಟ ಕೂಡಲೇ ನೀರು ಕಾರಂಜಿಯಂತೆ ಮೇಲೇಳುತ್ತದೆ. ನೋಡುವವರಿಗೆ ಬಾವಿ ಮರುಜೀವ ಪಡೆದಂತೆ ತೋರುತ್ತದೆ. ಆದರೆ ಅಷ್ಟರಿಂದಲೇ ಏನನ್ನೂ ನಿರ್ಧರಿಸುವಂತಿಲ್ಲ. ಮೊದಲಿಗೆ ಹೊರಬರುವುದು ರಂಧ್ರದಲ್ಲಿ ಅದಾಗಲೇ ನಿಂತಿದ್ದ ನೀರು.

ಸಾಮಾನ್ಯವಾಗಿ ಆರೂವರೆ ಇಂಚಿನ ಬಾವಿಯ ಒಂದು ಅಡಿ ಆಳದಲ್ಲಿ ಸುಮಾರು ಆರೂವರೆ ಲೀಟರ್ ನೀರು ಹಿಡಿಯುತ್ತದೆ. 300 ಅಡಿ ನೀರು ನಿಂತಿದ್ದರೆ ಅದರ ಪ್ರಮಾಣ ಸುಮಾರು 1,950 ಲೀಟರ್. ಅಂದರೆ 200 ಲೀಟರಿನ ಹತ್ತು ಡ್ರಮ್ಮು ತುಂಬುವಷ್ಟೂ ಇಲ್ಲ. ಈ ನೀರು ಖಾಲಿಯಾದ ಮೇಲೆ ಸೀಳುಗಳಿಂದ ಹೊಸದಾಗಿ ಎಷ್ಟು ಬರುತ್ತದೆ ಎಂಬುದೇ ಬಾವಿಯ ನಿಜವಾದ ಶಕ್ತಿ. ಲಾರಿ ನಿಂತಿರುವಾಗ ‘ಎರಡು ಇಂಚು ನೀರು’ ಎಂದು ಕಣ್ಣಂದಾಜಿನಲ್ಲಿ ಹೇಳುವ ಮಾತಿಗೆ ಆದ್ದರಿಂದ ಹೆಚ್ಚಿನ ಬೆಲೆ ಇಲ್ಲ.

ನೀರು ಕಡಿಮೆಯಾಗಲು ನಾಲ್ಕು ಕಾರಣ

ಮೊದಲನೆಯದು, ಪಂಪು ಅಥವಾ ಪೈಪಿನ ದೋಷ. ಪಂಪಿನ ಬಿಡಿಭಾಗಗಳು ಸವೆದಿರಬಹುದು, ಪೈಪಿನ ಜೋಡಣೆಯಲ್ಲಿ ಸೋರಿಕೆ ಇರಬಹುದು, ವೋಲ್ಟೇಜ್ ಕಡಿಮೆ ಇರಬಹುದು. ಬಾವಿಯಲ್ಲಿ ನೀರಿನ ಮಟ್ಟ ಚೆನ್ನಾಗಿದ್ದೂ ಮೋಟಾರು ಹಾಕಿದಾಗಿನಿಂದ ಒಂದೇ ಸಮನೆ ಸಣ್ಣಗೆ ನೀರು ಬರುತ್ತಿದ್ದರೆ ಅನುಮಾನಿಸಬೇಕಾದದ್ದು ಇದನ್ನೇ. ಇಲ್ಲಿ ಫ್ಲಶಿಂಗ್‌ಗೆ ಕೆಲಸವಿಲ್ಲ.

ಎರಡನೆಯದು, ಅಂತರ್ಜಲ ಮಟ್ಟದ ಕುಸಿತ. ಮೊದಲ ಕೆಲವು ನಿಮಿಷ ನೀರು ಜೋರಾಗಿ ಬಂದು, ಬಳಿಕ ಗಾಳಿ ಬೆರೆತು ಕಡಿದು ಕಡಿದು ಬರತೊಡಗುತ್ತದೆ. ಮೋಟಾರನ್ನು ಕೆಲ ಹೊತ್ತು ನಿಲ್ಲಿಸಿದರೆ ಮತ್ತೆ ಅದೇ ಪುನರಾವರ್ತನೆ. ಬೇಸಿಗೆಯಲ್ಲಿ ಅತಿ ಹೆಚ್ಚಾಗಿ ಕಾಣುವ ಲಕ್ಷಣವಿದು. ಸೀಳುಗಳಲ್ಲೇ ನೀರಿಲ್ಲದಾಗ ರಂಧ್ರವನ್ನು ಎಷ್ಟು ತೊಳೆದರೂ ಫಲವಿಲ್ಲ.

ಮೂರನೆಯದು, ತಳದಲ್ಲಿ ಹೂಳು ತುಂಬಿರುವುದು ಅಥವಾ ಬದಿ ಕುಸಿದಿರುವುದು. ನೀರಿನ ಜೊತೆ ಮಣ್ಣು, ಮರಳು ಬರುವುದು, ಪಂಪು ಪದೇ ಪದೇ ಸವೆಯುವುದು ಇದರ ಸೂಚನೆ. ಫ್ಲಶಿಂಗ್ ನಿಜಕ್ಕೂ ನೆರವಾಗುವುದು ಇಂತಹ ಬಾವಿಗೆ.

ನಾಲ್ಕನೆಯದು, ಕಬ್ಬಿಣದ ಅಥವಾ ಸುಣ್ಣದ ಪದರ ಕಟ್ಟಿ ಸೀಳುಗಳು ಮುಚ್ಚಿರುವುದು. ಇಲ್ಲಿ ಫ್ಲಶಿಂಗ್‌ನಿಂದ ಭಾಗಶಃ ಪ್ರಯೋಜನ ಸಿಗಬಹುದು. ಇದಕ್ಕಾಗಿ ಆಮ್ಲ ಅಥವಾ ಬ್ಲೀಚಿಂಗ್ ಪುಡಿಯನ್ನು ತಾವೇ ಸುರಿಯುವುದು ಅಪಾಯಕರ. ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಹಗ್ಗ ಮತ್ತು ತೂಕದ ಪರೀಕ್ಷೆ

ಈ ನಾಲ್ಕರಲ್ಲಿ ಯಾವುದು ಎಂದು ತಿಳಿಯಲು ದುಬಾರಿ ಯಂತ್ರ ಬೇಕಾಗಿಲ್ಲ. ಮೋಟಾರು ಎತ್ತಿಸಿದ ದಿನ, ಕಂಪ್ರೆಸರ್ ಲಾರಿಯನ್ನು ಕರೆಸುವ ಮೊದಲು, ಗಟ್ಟಿಯಾದ ಹಗ್ಗಕ್ಕೆ ಹತ್ತು ಅಡಿಗೊಂದು ಗುರುತು ಹಾಕಿ, ತುದಿಗೆ ಭದ್ರವಾಗಿ ತೂಕ ಕಟ್ಟಿ ಬಾವಿಗೆ ಇಳಿಬಿಡಬೇಕು. ಹಗ್ಗ ಸಡಿಲಗೊಂಡ ಜಾಗ ಬಾವಿಯ ಈಗಿನ ತಳ. ಮೇಲೆತ್ತಿದಾಗ ಎಲ್ಲಿಂದ ಒದ್ದೆಯಾಗಿದೆಯೋ ಅದು ನೀರಿನ ಮಟ್ಟ. ಮೋಟಾರನ್ನು ಹಿಂದಿನ ರಾತ್ರಿಯಿಂದಲೇ ನಿಲ್ಲಿಸಿದ್ದರೆ ಈ ಮಟ್ಟ ಸರಿಯಾಗಿ ತಿಳಿಯುತ್ತದೆ.

ಬಾವಿ ಕೊರೆಸಿದಾಗಿನ ಬಿಲ್ಲಿನಲ್ಲಿರುವ ಆಳದೊಂದಿಗೆ ಇದನ್ನು ಹೋಲಿಸಬೇಕು. ಉದಾಹರಣೆಗೆ, 600 ಅಡಿ ಕೊರೆಸಿದ ಬಾವಿಯಲ್ಲಿ ಹಗ್ಗ 590 ಅಡಿಯವರೆಗೂ ಇಳಿದರೆ ಹೂಳು ಇಲ್ಲವೆಂದೇ ಅರ್ಥ. ಅಂತಹ ಬಾವಿಯಲ್ಲಿ ‘ಮಣ್ಣು ತುಂಬಿದೆ’ ಎನ್ನುವವರ ಮಾತನ್ನು ನಂಬಬೇಕಿಲ್ಲ. ಹಗ್ಗ 430 ಅಡಿಯಲ್ಲೇ ನಿಂತು, ಕೊರೆಯುವಾಗ ನೀರಿನ ಸೀಳು ಸಿಕ್ಕಿದ್ದು 480 ಅಡಿಯಲ್ಲಾಗಿದ್ದರೆ ಫ್ಲಶಿಂಗ್‌ಗೆ ಮಾಡುವ ಖರ್ಚು ಸಾರ್ಥಕವಾಗಬಹುದು. ಹಗ್ಗ ನಡುವೆಯೇ ನಿಲ್ಲಲು ಸಿಕ್ಕಿಬಿದ್ದ ಕಲ್ಲು ಅಥವಾ ಹಳೆಯ ಪೈಪು ಕಾರಣವಾಗಿರುವುದೂ ಉಂಟು. ಅನುಮಾನವಿದ್ದರೆ ಬಾವಿಯೊಳಗೆ ಕ್ಯಾಮೆರಾ ಇಳಿಸಿ ತೋರಿಸುವವರ ನೆರವು ಪಡೆಯಬಹುದು.

ಮೊದಲು ನೋಡು, ಬಳಿಕ ತೊಳೆ ಎಂಬ ಈ ನಿಯಮ ಕೊಳವೆಬಾವಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಮನೆಗಳಲ್ಲಿ ಬಿಸಿ ಹಾಗೂ ತಂಪು ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆಗಳು ಗೋಡೆ, ಛಾವಣಿಗಳೊಳಗೆ ಅಡಗಿರುತ್ತವೆ. ಅವುಗಳನ್ನು ಶುಚಿಗೊಳಿಸುವ ಸೇವೆಯ ಬಗ್ಗೆಯೂ ಅಲ್ಲಿ ಇಂತಹದೇ ವಿವಾದವಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಹೊರತಂದ ಕೈಪಿಡಿಯಲ್ಲಿ, ವಾಡಿಕೆಯಂತೆ ಆಗಾಗ ತೊಳೆಸುವ ಬದಲು ಅಗತ್ಯವಿದ್ದಾಗ ಮಾತ್ರ ಮಾಡಿಸುವಂತೆ ಸಲಹೆ ನೀಡಿದೆ. ಬೂಷ್ಟು ಕಣ್ಣಿಗೆ ಕಂಡರೆ, ಇಲಿ ಅಥವಾ ಹುಳು ಸೇರಿದ್ದರೆ, ಧೂಳು-ಕಸದಿಂದ ಕೊಳವೆ ಕಟ್ಟಿದ್ದರೆ ಮಾತ್ರ ಯೋಚಿಸಿ ಎಂಬುದು ಅದರ ಸಾರ.

ಒಪ್ಪಂದಕ್ಕೆ ಮುನ್ನ

ಫ್ಲಶಿಂಗ್ ಅಗತ್ಯವೆಂದು ಖಚಿತವಾದರೂ ಎಚ್ಚರಿಕೆ ಬೇಕು. ದರ ಅಡಿ ಲೆಕ್ಕವೋ, ಗಂಟೆ ಲೆಕ್ಕವೋ ಎಂಬುದನ್ನು ಮೊದಲೇ ಮಾತಾಡಿ ಬರೆಸಿಕೊಳ್ಳಬೇಕು. ಹಳೆಯ ಬಾವಿಯಲ್ಲಿ ಬದಿ ಕುಸಿದು ರಾಡು ಸಿಕ್ಕಿಕೊಳ್ಳುವ, ಕೇಸಿಂಗ್ ಒಡೆಯುವ ಅಪಾಯ ಇರುತ್ತದೆ. ಅಂತಹ ನಷ್ಟ ಯಾರದ್ದು ಎಂಬುದೂ ಮೊದಲೇ ತೀರ್ಮಾನವಾಗಬೇಕು. ಹೊರಬರುವ ನೀರು ತಿಳಿಯಾಗುವವರೆಗೂ ಕೆಲಸ ನಿಲ್ಲಿಸಬಾರದು. ಮುಗಿದ ಬಳಿಕ ರೈತನ ಎದುರಿನಲ್ಲೇ ಹಗ್ಗ ಇಳಿಸಿ ಆಳವನ್ನು ಮತ್ತೊಮ್ಮೆ ಅಳೆಯಬೇಕು.

‘ಹೇಗೂ ಲಾರಿ ಬಂದಿದೆ, ಇನ್ನೂ ನೂರು ಅಡಿ ಇಳಿಸೋಣ’ ಎಂಬ ಸಲಹೆಗೆ ಸ್ಥಳದಲ್ಲೇ ಒಪ್ಪುವುದು ತರವಲ್ಲ. ಗಟ್ಟಿ ಶಿಲೆಯ ಪ್ರದೇಶದಲ್ಲಿ ಆಳಕ್ಕೆ ಹೋದಂತೆ ನೀರಿನ ಸೀಳುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಶುಚಿಗೊಳಿಸಲು ಬಂದ ಲಾರಿ ಹೊಸ ಬಾವಿಯಷ್ಟೇ ಬಿಲ್ಲು ಮಾಡಿ ಹೋಗುವ ಸಂಭವ ಇರುವುದು ಇಲ್ಲಿಯೇ.

ಫಲಿತಾಂಶವನ್ನು ಅಳೆಯಲು ಡ್ರಮ್ಮು ಮತ್ತು ಗಡಿಯಾರ ಸಾಕು. ಫ್ಲಶಿಂಗ್‌ಗೆ ಮೊದಲು ಹಾಗೂ ಬಳಿಕ, ಮೋಟಾರು ಎರಡು-ಮೂರು ಗಂಟೆ ಸತತವಾಗಿ ಓಡಿದ ಮೇಲೆ, 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂಬುದನ್ನು ಬರೆದಿಡಬೇಕು. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಮೊದಲಿನ ಮತ್ತು ಬಳಿಕದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಖರ್ಚಿನಿಂದ ಪ್ರಯೋಜನವಾಗಿಲ್ಲ. ಸಾಧ್ಯವಾದರೆ ಈ ಪರೀಕ್ಷೆ ಮುಗಿಯುವವರೆಗೆ ಹಣದ ಒಂದು ಭಾಗವನ್ನು ಉಳಿಸಿಕೊಳ್ಳುವಂತೆ ಒಪ್ಪಂದ ಮಾಡಿಕೊಳ್ಳುವುದು ಒಳಿತು.

ರಸೀದಿ ಪಡೆಯುವುದನ್ನು ಮರೆಯಬಾರದು. ಹೇಳಿದ ಕೆಲಸ ಮಾಡದೆ ಹಣ ಪಡೆದವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ವಕೀಲರಿಲ್ಲದೆಯೂ ದೂರು ನೀಡಬಹುದು. ಆದರೆ ಕಾಗದದ ದಾಖಲೆ ಇಲ್ಲದಿದ್ದರೆ ದೂರು ನಿಲ್ಲುವುದು ಕಷ್ಟ.

ಇರುವ ನೀರೇ ಸಾಕಾದೀತೇ?

ಮಟ್ಟವೇ ಕುಸಿದ ಬಾವಿಯ ಒಡೆಯನಿಗೆ ಉಳಿಯುವ ದಾರಿ ಯಾವುದು? 30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 48 ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಬೇಸಿಗೆಯ ದಿನವೊಂದಕ್ಕೆ ಮರಕ್ಕೆ 50 ಲೀಟರಿನಂತೆ ಕೊಟ್ಟರೂ ಎಕರೆಗೆ ಬೇಕಾಗುವುದು 2,400 ಲೀಟರ್. ನಾಲ್ಕು ಎಕರೆಗೆ 9,600 ಲೀಟರ್. ಗಂಟೆಗೆ 1,800 ಲೀಟರ್ ಕೊಡುವ ಸಣ್ಣ ಬಾವಿಯೂ ಇದನ್ನು ಐದೂವರೆ ಗಂಟೆಯೊಳಗೆ ಪೂರೈಸಬಲ್ಲದು. ಅದೇ ಬಾವಿಯಿಂದ ಕಾಲುವೆಯಲ್ಲಿ ನೀರು ಹಾಯಿಸಿದರೆ ನಾಲ್ಕೈದು ಸಾಲು ದಾಟುವುದೂ ಕಷ್ಟ. ಮರದ ಬುಡಕ್ಕೆ ಸಿಪ್ಪೆ, ಗರಿಗಳ ಹೊದಿಕೆ ಹಾಕಿದರೆ ತೇವ ಇನ್ನಷ್ಟು ಕಾಲ ಉಳಿಯುತ್ತದೆ. ಫ್ಲಶಿಂಗ್‌ಗೆ ಎತ್ತಿಟ್ಟ ಹಣವನ್ನು ಹನಿ ಪೈಪಿಗೋ, ಸಣ್ಣ ತೊಟ್ಟಿಗೋ ಹಾಕುವುದು ಅನೇಕ ತೋಟಗಳಲ್ಲಿ ಹೆಚ್ಚು ಲಾಭದ ಮಾತು.

ಮಳೆನೀರಿನಿಂದ ಬಾವಿಗೆ ಮರುಪೂರಣ ಮಾಡುವುದು ದೀರ್ಘಕಾಲದ ಪರಿಹಾರ. ಆದರೆ ಹೊಲದ ಕೆಂಪು ನೀರನ್ನು ನೇರವಾಗಿ ಕೇಸಿಂಗ್‌ಗೆ ಬಿಡಬಾರದು. ದಪ್ಪ ಕಲ್ಲು, ಜಲ್ಲಿ, ಮರಳಿನ ಪದರಗಳಲ್ಲಿ ಸೋಸದೆ ಬಿಟ್ಟ ನೀರು ತನ್ನೊಡನೆ ಹೂಳನ್ನೂ ಒಯ್ಯುತ್ತದೆ. ಮಳೆಗಾಲದಲ್ಲಿ ತೋರುವ ಆ ಅಜಾಗರೂಕತೆಯೇ ಮುಂದಿನ ಬೇಸಿಗೆಯಲ್ಲಿ ಫ್ಲಶಿಂಗ್ ಲಾರಿಯನ್ನು ತೋಟಕ್ಕೆ ಕರೆತರುತ್ತದೆ.

ಕೊರೆಸಿದಾಗಿನ ಆಳ, ಕೇಸಿಂಗ್ ಇಳಿಸಿದ ಅಡಿ, ನೀರಿನ ಸೀಳು ಸಿಕ್ಕ ಜಾಗ, ಮೋಟಾರು ಇಳಿಸಿದ ಆಳ ಮತ್ತು ಪ್ರತಿ ಬೇಸಿಗೆಯ ನೀರಿನ ಮಟ್ಟ: ಈ ಐದು ಸಂಗತಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟ ರೈತನಿಗೆ, ಲಾರಿಯವರು ಏನೇ ಹೇಳಿದರೂ ಹೋಲಿಸಿ ನೋಡಲು ತನ್ನದೇ ಲೆಕ್ಕ ಕೈಯಲ್ಲಿರುತ್ತದೆ.